ಪುದೀನ ಕಂಪಿನ ಒಂದು ಸೀಸೆ

ಕಳೆದ ತಿಂಗಳು ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನೀಲಿ ಸೀಸೆಯೊಂದನ್ನು ಕೈಗಿತ್ತು, "ಮೇಷ್ಟ್ರೇ, ದುಬಾರಿಯದೇನಲ್ಲ. ಬೇಸಿಗೆಗೆ ಹಿತವಾಗಿರುತ್ತೆ, ಬೇಡ ಅನ್ನಬೇಡಿ" ಎಂದ. ಅದು ಡೇವಿಡಾಫ್ ಹೆಸರಿನ 'ಕೂಲ್ ವಾಟರ್'. ಸುಗಂಧದ್ರವ್ಯದ ಗುಣದೋಷಗಳನ್ನು ವಿವೇಚಿಸಲು ನಿವೃತ್ತ ಮಾಸ್ತರನೇ ಬೇಕಿತ್ತೇ ಎಂದು ನೀವು ನಗಬಹುದು. ಆದರೂ ಎರಡು ಮಾತು ಬರೆಯಬೇಕೆನಿಸಿದೆ.

ಫ್ರಾನ್ಸಿನ ಸುಗಂಧತಜ್ಞ ಪಿಯರ್ ಬೂರ್ದೋಂ ಇದನ್ನು ರೂಪಿಸಿದ್ದು 1988ರಲ್ಲಿ. ಮಣಿಕಟ್ಟಿಗೆ ಸಿಂಪಡಿಸಿ, ಉಜ್ಜದೆ, ಗಡಿಯಾರ ನೋಡುತ್ತ ಕುಳಿತೆ. ಮೊದಲು ಎದ್ದು ಬಂದದ್ದು ಪುದೀನ. ಅದರ ಬೆನ್ನಿಗೇ ಲ್ಯಾವೆಂಡರ್. ಅರ್ಧ ಗಂಟೆಯಲ್ಲಿ ಪುದೀನ ಹಿಂದೆ ಸರಿಯಿತು. ಮೂರು ಗಂಟೆಗಳ ಬಳಿಕ ಉಳಿದದ್ದು ಮರದ, ಕಸ್ತೂರಿಯ ಮೆಲುವಾದ ಕಂಪು. ಸಂಜೆಗೆ ಅಂಗಿಯ ತೋಳಿನಲ್ಲಿ ಮಾತ್ರ ಅದರ ನೆನಪಿತ್ತು. ಆದ್ದರಿಂದ ಅಂಗಡಿಯಲ್ಲಿ ಮೊದಲ ನಿಮಿಷದ ಪುದೀನಕ್ಕೆ ಮರುಳಾಗಿ ಕೊಳ್ಳಬಾರದು. ದಿನವಿಡೀ ನಮ್ಮೊಡನಿರುವುದು ಅದಲ್ಲ.

ಪುದೀನದ ತಂಪೂ ಒಂದು ಸೋಜಿಗವೇ. ಅದರಲ್ಲಿರುವ ಮೆಂಥಾಲ್ ಶಾಖವನ್ನು ಇಳಿಸುವುದಿಲ್ಲ; ತಂಪನ್ನು ಗುರುತಿಸುವ ನರತಂತುಗಳನ್ನು ಎಚ್ಚರಿಸುತ್ತದೆ, ಅಷ್ಟೆ. ಈ ಗುಟ್ಟನ್ನು 2002ರಲ್ಲಿ ಬಿಡಿಸಿದವರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಾಪೂಟಿಯನ್ ಇದ್ದರು. ಶಾಖ ಮತ್ತು ಸ್ಪರ್ಶದ ಅರಿವನ್ನು ಕುರಿತ ಸಂಶೋಧನೆಗಳಿಗಾಗಿ 2021ರಲ್ಲಿ ಅವರಿಬ್ಬರಿಗೂ ನೊಬೆಲ್ ಸಂದಿತು. ಸುಗಂಧ ಸಿಂಪಡಿಸಿದಾಗ ಚರ್ಮ ನಿಜವಾಗಿ ತಂಪಾಗುವುದು ಮದ್ಯಸಾರ ಆವಿಯಾಗುವುದರಿಂದ.

ಇನ್ನು ಬೆಲೆಯ ಮಾತು. ಈ ಸೀಸೆಯ ತಾಜಾತನಕ್ಕೆ ಮುಖ್ಯ ಕಾರಣ ಡೈಹೈಡ್ರೋಮಿರ್ಸಿನಾಲ್ ಎಂಬ, ಪ್ರಯೋಗಶಾಲೆಯಲ್ಲಿ ತಯಾರಾಗುವ, ಬೆಲೆ ಕಡಿಮೆಯ ದ್ರವ್ಯ. ಅಗ್ಗದ ದ್ರವ್ಯ ಕೀಳು ದ್ರವ್ಯವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ದುಬಾರಿ ಸೀಸೆಯ ಬೆಲೆಯಲ್ಲಿ ಹೆಸರು, ಜಾಹೀರಾತು, ಗಾಜು ಎಲ್ಲವೂ ಸೇರಿರುತ್ತವೆ. ಸ್ನಾನಕ್ಕೆ ಬದಲಾಗಿ ಬಳಸದೆ, ಎರಡೇ ಸಲ ಸಿಂಪಡಿಸಿದರೆ ಸಾಕೆಂಬುದು ನನ್ನ ತೀರ್ಪು.

ಇಷ್ಟು ಬರೆಯುವಾಗ ಒಂದು ಮುಖ ಕಣ್ಣೆದುರು ನಿಂತಿದೆ. ಹತ್ತನೆಯ ತರಗತಿಯ ಹುಡುಗನೊಬ್ಬ ಸಂತೆಯ ಅಗ್ಗದ ಸೆಂಟು ಪೂಸಿಕೊಂಡು ಬರುತ್ತಿದ್ದ. ನಾನೊಮ್ಮೆ, "ಏನಯ್ಯಾ, ಬಂದದ್ದು ಶಾಲೆಗೋ ಮದುವೆಗೋ?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಮರುದಿನದಿಂದ ಅವನು ಸೆಂಟು ಹಾಕಲಿಲ್ಲ. ಕೊನೆಯ ಬೆಂಚಿಗೆ ಹೋಗಿ ಒಬ್ಬನೇ ಕುಳಿತ. ನಸುಕಿನಲ್ಲೆದ್ದು ಕೊಟ್ಟಿಗೆ ಬಳಿದು, ಸಗಣಿ ಹೊತ್ತು, ಅಲ್ಲಿಂದಲೇ ಶಾಲೆಗೆ ನಡೆದು ಬರುತ್ತಿದ್ದನೆಂದು ನನಗೆ ತಿಳಿದದ್ದು ಅವನು ಶಾಲೆ ಬಿಟ್ಟ ಮೇಲೆ. ಪಕ್ಕದವರು ಸರಿದು ಕೂರದಿರಲೆಂದು ಅವನು ಕೊಂಡಿದ್ದ ಆ ಸೆಂಟಿನ ಬೆಲೆಯನ್ನು ನಾನು ಅಳೆಯಲಾರದೆ ಹೋದೆ.

ಸೀಸೆ ತಂದವನು ಅವನಲ್ಲ. ಅವನೆಲ್ಲಿದ್ದಾನೋ ಅರಿಯೆ. ನಿಮ್ಮಲ್ಲಿ ಯಾರಿಗಾದರೂ ಅವನ ಸುಳಿವಿದ್ದರೆ, ಮೇಷ್ಟ್ರು ತಪ್ಪೊಪ್ಪಿಕೊಂಡರೆಂದು ದಯವಿಟ್ಟು ತಿಳಿಸಿ.