ನೋಡಿಕೊಳ್ಳುವವಳನ್ನು ಕೇಳುವವರಾರು?



ಉಳ್ಳಾಲದ ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರು ಗಲ್ಫ್‌ನಲ್ಲಿದ್ದಾರೆ. ಅತ್ತೆಗೋ ಉಮ್ಮನಿಗೋ ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಷಿಯಾ ಬಂದರೆ ಭಾರವೆಲ್ಲ ಮನೆಯ ಹೆಣ್ಣಿನ ಹೆಗಲಿಗೆ. ಊಟ ಮಾಡಿ ಕೈ ತೊಳೆದವರು "ನನಗೆ ಯಾರೂ ಅನ್ನ ಹಾಕಲಿಲ್ಲ" ಎನ್ನುತ್ತಾರೆ. ನಡುರಾತ್ರಿ ಎದ್ದು ತವರಿಗೆ ಹೊರಡುತ್ತಾರೆ. ಬಂದ ನೆಂಟರು ರೋಗಿಯ ಕ್ಷೇಮ ವಿಚಾರಿಸುತ್ತಾರೆ. "ನಿನ್ನಿಂದ ಆಗುತ್ತಿದೆಯೇ?" ಎಂದು ನಿಮ್ಮನ್ನು ಕೇಳುವವರು ಅಪರೂಪ.

ಅದನ್ನೇ ಕೇಳುವ ಅಳತೆಯೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಆನ್ ಸ್ಟೆಫನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಇದರಲ್ಲಿ 15 ಪ್ರಶ್ನೆಗಳಿವೆ. 'ನನ್ನಿಂದ ಆಗದು' ಎಂಬುದಕ್ಕೆ 0, 'ಖಂಡಿತ ಆಗುತ್ತದೆ' ಎಂಬುದಕ್ಕೆ 100. ಪ್ರಶ್ನೆಗಳು ಮೂರು ಬಗೆ. ನಿಮಗೆ ಬಿಡುವು ಬೇಕಾದಾಗ ಬೇರೆಯವರ ಸಹಾಯ ಕೇಳಬಲ್ಲಿರಾ? ಕೇಳಿದ್ದನ್ನೇ ಕೇಳುವಾಗ ದನಿ ಏರಿಸದೆ ಉತ್ತರಿಸಬಲ್ಲಿರಾ? 'ನನ್ನ ಬದುಕೇ ಹೀಗಾಯಿತಲ್ಲ' ಎಂಬ ಯೋಚನೆಯನ್ನು ಹತೋಟಿಯಲ್ಲಿಡಬಲ್ಲಿರಾ?

ಈ ಮೂರನ್ನೂ ಒಟ್ಟು ಕೂಡಿಸುವುದಿಲ್ಲ, ಬೇರೆ ಬೇರೆಯಾಗಿ ನೋಡುತ್ತಾರೆ. ಏಕೆಂದರೆ ಅತ್ತೆಯನ್ನು ತಾಳ್ಮೆಯಿಂದ ಸಂಭಾಳಿಸುವವಳು ನಾದಿನಿಯ ಬಳಿ "ಒಂದು ದಿನ ಬಂದು ಕೂತುಕೋ" ಎನ್ನಲು ಸಂಕೋಚಪಡಬಹುದು. ಅವಳಿಗೆ ತಾಳ್ಮೆಯ ಉಪದೇಶ ಬೇಕಿಲ್ಲ, ನಾದಿನಿ ಬರಬೇಕು.

ಹೆತ್ತವರ ಎದುರು ಬೇಸರದ ಉಸಿರೂ ಬಿಡಬಾರದೆಂದು ಮದ್ರಸದಲ್ಲೇ ಕಲಿತವರು ನಾವು. ಹಾಗಾಗಿ ಸೋತೆನೆಂದು ಹೇಳಿಕೊಳ್ಳಲು ಹೆದರುತ್ತೇವೆ. ಆದರೆ ಈ ಅಂಕ ನಿಮ್ಮ ಪ್ರೀತಿಯ ಅಳತೆಯಲ್ಲ, ಈಮಾನಿನ ಅಳತೆಯೂ ಅಲ್ಲ. ನೆರವು ಎಲ್ಲಿ ಬೇಕೆಂದು ತೋರಿಸುವ ಗುರುತು ಮಾತ್ರ. ಹೆಚ್ಚು ಅಂಕ ಬಂತೆಂದು ಮನೆಯವರು ಕೈತೊಳೆದುಕೊಳ್ಳುವಂತೆಯೂ ಇಲ್ಲ.

ಆತ್ಮವಿಶ್ವಾಸ ಹುಟ್ಟುಗುಣವಲ್ಲ. ಸಣ್ಣ ಸಣ್ಣ ಯಶಸ್ಸಿನಿಂದ, ನಮ್ಮಂಥವರೇ ನಿಭಾಯಿಸುವುದನ್ನು ನೋಡುವುದರಿಂದ, ಧೈರ್ಯದ ಮಾತಿನಿಂದ ಅದು ಬೆಳೆಯುತ್ತದೆಂದು ಆಲ್ಬರ್ಟ್ ಬಂಡೂರಾ 1977ರಲ್ಲೇ ವಿವರಿಸಿದ್ದರು. "ಊಟ ಆಯಿತಲ್ಲ!" ಎಂದು ವಾದಿಸುವ ಬದಲು ಒಂದು ಬಾಳೆಹಣ್ಣು ಕೊಟ್ಟು ನೋಡಿ. ಅಂದು ಜಗಳವಿಲ್ಲದೆ ಕಳೆದರೆ ಅದೂ ಒಂದು ಗೆಲುವೇ.

ಇಂದು ಆ ಮೂರು ಪ್ರಶ್ನೆಗಳಿಗೆ ನಿಮ್ಮ ಅಂಕ ಬರೆದಿಡಿ. ತಿಂಗಳ ನಂತರ ಮತ್ತೆ ಬರೆಯಿರಿ. ಅಂಕ ತೀರಾ ಕಡಿಮೆಯಿದ್ದರೆ, ನಿದ್ದೆ ಕೆಟ್ಟಿದ್ದರೆ, ರೋಗಿಗೆ ಔಷಧಿ ತರಲು ಹೋದಾಗ ವೈದ್ಯರ ಬಳಿ ನಿಮ್ಮ ವಿಷಯವನ್ನೂ ಹೇಳಿ. ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮನಸ್‌ಗೆ, 14416ಕ್ಕೆ, ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಗಲ್ಫ್‌ನಿಂದ ಫೋನ್ ಬಂದಾಗ "ಉಮ್ಮ ಹೇಗಿದ್ದಾರೆ?" ಎಂಬ ಪ್ರಶ್ನೆಗೆ ಉತ್ತರಿಸಿದ ಮೇಲೆ, ನಿಮ್ಮ ಮೂರು ಅಂಕಗಳನ್ನೂ ಅವರಿಗೆ ಓದಿ ಹೇಳಿ.