ಗರಗಸ ಹಿಡಿದ ಕೈಗೂ ಕಾವಲು ಬೇಕು

ಮಲೆನಾಡಿನ ಯಾವ ಊರಿನಲ್ಲಾದರೂ ಯಂತ್ರಗರಗಸದ ಸದ್ದು ಎದ್ದೊಡನೆ ಹುಟ್ಟುವ ಪ್ರಶ್ನೆ ಒಂದೇ: ಯಾವ ಮರ ಹೋಯಿತು? ಪ್ರಶ್ನೆ ನ್ಯಾಯವಾದದ್ದೇ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಂದಿನಿಂದ ಮರ ಕಡಿಯುವ ಸದ್ದಿಗೆ ಘಟ್ಟದ ಕಿವಿ ಎಚ್ಚರವಾಗಿದೆ. ಆದರೆ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇಷ್ಟು ಕಾಲವೂ ಹಿಂದೆಯೇ ಉಳಿದಿದೆ. ಯಂತ್ರ ಹಿಡಿದು ಮರದ ಮೇಲೆ ನಿಂತವರು ಯಾರು? ಅವರಿಗೆ ಆ ಕೆಲಸ ಕಲಿಸಿದವರು ಯಾರು? ಅವರು ಬಿದ್ದರೆ ಹೊಣೆ ಯಾರದು?

ಯಂತ್ರಗರಗಸ ಸದ್ದು ಮಾಡಿದಲ್ಲೆಲ್ಲ ಕಾಡು ಸಾಯುತ್ತಿರುವುದಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಕೊಯ್ಲು ಮುಗಿದ ಮೇಲೆ, ಮಳೆಗಾಲಕ್ಕೆ ಮುನ್ನ ನಡೆಯುವ ಮರಗಸಿಯ ಕೆಲಸ ಎಲ್ಲರೂ ಬಲ್ಲದ್ದು. ಅತ್ತಿ, ಬಸರಿ, ಹಲಸು, ನಂದಿಯಂಥ ನೆರಳಿನ ಮರಗಳ ಹೆಚ್ಚುವರಿ ರೆಂಬೆಗಳನ್ನು ತೆಗೆದು ಕಾಫಿ ಗಿಡಕ್ಕೆ ಬೇಕಾದಷ್ಟು ಬೆಳಕು, ಗಾಳಿ ಬಿಡುವುದೇ ಈ ಕೆಲಸ. ನೆರಳು ದಟ್ಟವಾಗಿ ತೇವ ನಿಂತರೆ ಕೊಳೆರೋಗಕ್ಕೆ ದಾರಿಯಾಗುತ್ತದೆ. ನೆರಳು ತೀರ ತೆಳುವಾದರೆ ಗಿಡ ಬಿಸಿಲಿಗೆ ಬಾಡುತ್ತದೆ. ಇವೆರಡರ ನಡುವಿನ ಹದ ಪುಸ್ತಕದಲ್ಲಿ ಸಿಗುವುದಿಲ್ಲ. ಅದು ಮರ ಹತ್ತುವವರ ಕಣ್ಣಿನಲ್ಲಿದೆ.

ಘಟ್ಟದ ಕಾಫಿ ತೋಟಗಳಲ್ಲಿ ಇಂದಿಗೂ ಹಳೆಯ ಕಾಡುಮರಗಳು ಉಳಿದಿದ್ದರೆ ಅದರ ಹಿಂದೆ ಈ ಕೆಲಸಗಾರರ ಬೆವರಿದೆ ಎಂಬುದನ್ನು ಪರಿಸರ ಚಳವಳಿ ಸಾಕಷ್ಟು ಹೇಳಿಲ್ಲ. ಹರಡಿ ಬೆಳೆಯುವ ಅತ್ತಿ, ಬಸರಿಗಳನ್ನು ಕಾಲಕಾಲಕ್ಕೆ ಸವರಲು ಪಳಗಿದ ಕೈ ಬೇಕು. ನೆಟ್ಟಗೆ ಏರುವ ಸಿಲ್ವರ್ ಓಕ್‌ಗೆ ಅಷ್ಟು ಜಾಣ್ಮೆ ಬೇಡ. ಪಳಗಿದವರು ಸಿಗದ ತೋಟದಲ್ಲಿ ಮಾಲೀಕನಿಗೆ ಕಾಣುವ ಸುಲಭದ ದಾರಿ, ಕಾಡುಮರದ ಬುಡಕ್ಕೇ ಗರಗಸವಿಟ್ಟು ಸಿಲ್ವರ್ ಓಕ್ ನೆಡುವುದು. ಕುಶಲ ಕೆಲಸಗಾರನೊಬ್ಬ ವೃತ್ತಿ ತೊರೆದು ಪೇಟೆ ಸೇರಿದರೆ ಆತನ ಹಿಂದೆಯೇ ಹಲವು ಮರಗಳೂ ತೋಟ ಬಿಡುತ್ತವೆ.

ಆತನ ಕೈಯಲ್ಲಿರುವ ಯಂತ್ರಕ್ಕೂ ಒಂದು ಚರಿತ್ರೆಯಿದೆ. ಸರಪಳಿಗೆ ಹಲ್ಲು ಕೂಡಿಸಿದ ಗರಗಸ ಮೊದಲು ಬಂದದ್ದು ಮರಕ್ಕಲ್ಲ, ಮನುಷ್ಯನ ಮೂಳೆಗೆ. 18ನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು ಕೈಯಿಂದ ಎಳೆಯುವ ಪುಟ್ಟ ಸರಪಳಿ ಗರಗಸವನ್ನು ಶಸ್ತ್ರಚಿಕಿತ್ಸೆಗೆ ಬಳಸಿದ್ದರು. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದಲೂ 1929ರಲ್ಲಿ ಪೆಟ್ರೋಲಿನಿಂದಲೂ ನಡೆಯುವ ಮರಗರಗಸಗಳನ್ನು ತಂದರು. ಅಮೆರಿಕದ ಜೋಸೆಫ್ ಕಾಕ್ಸ್, ಮರ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ದವಡೆಯಾಡಿಸುವುದನ್ನು ಕಂಡು 1947ರಲ್ಲಿ ಹೊಸ ಬಗೆಯ ಹಲ್ಲಿನ ಸರಪಳಿಯನ್ನು ರೂಪಿಸಿದರು. ಇಂದಿನ ಯಂತ್ರಗಳಲ್ಲಿ ಓಡುವ ಸರಪಳಿಗೆ ಅದೇ ಮೂಲ.

ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುವ ಈ ಹಲ್ಲುಗಳು ಮರವನ್ನೂ ಮಾಂಸವನ್ನೂ ಬೇರೆಬೇರೆಯಾಗಿ ಕಾಣುವುದಿಲ್ಲ. ಅಲಗಿನ ತುದಿಯ ಮೇಲ್ಭಾಗ ಕೊಂಬೆಗೆ ತಗುಲಿದರೆ ಯಂತ್ರ ಕಣ್ಣುರೆಪ್ಪೆ ಬಡಿಯುವುದರೊಳಗೆ ಹಿಮ್ಮುಖವಾಗಿ ಮುಖದ ಕಡೆಗೆ ಚಿಮ್ಮುತ್ತದೆ. ಎರಡೂ ಕೈ ಯಂತ್ರದ ಮೇಲೆ ಬಿಗಿಯಾಗಿದ್ದರೆ, ಸರಪಳಿಯ ತಡೆ ಸರಿಯಿದ್ದರೆ ಜೀವ ಉಳಿದೀತು. ಆದರೆ ಸೊಂಟಕ್ಕೆ ಹಗ್ಗವಿಲ್ಲದೆ, ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದು ಕೈಯಲ್ಲಿ ಯಂತ್ರ ನಡೆಸುವವರಿಗೆ ಆ ಎರಡನೆಯ ಕೈ ಎಲ್ಲಿಂದ ಬರಬೇಕು?

ಕಣ್ಣಿಗೆ ಕಾಣದ ಪೆಟ್ಟುಗಳೂ ಇವೆ. ಪೆಟ್ರೋಲ್ ಯಂತ್ರದ ಸದ್ದು 100 ಡೆಸಿಬಲ್ ದಾಟುತ್ತದೆ. ದಿನಕ್ಕೆ 8 ಗಂಟೆ ಕೇಳಬಹುದಾದ ಸದ್ದಿನ ಮಿತಿ 85 ಡೆಸಿಬಲ್ ಎಂದು ವೃತ್ತಿ ಆರೋಗ್ಯ ತಜ್ಞರು ಎಣಿಸುತ್ತಾರೆ. ಅದೇ ಲೆಕ್ಕದಲ್ಲಿ 100 ಡೆಸಿಬಲ್ ಸದ್ದನ್ನು ಬರಿಗಿವಿ ತಾಳಬಹುದಾದದ್ದು ಕೇವಲ 15 ನಿಮಿಷ. ವರ್ಷಗಟ್ಟಲೆಯ ಕಂಪನದಿಂದ ಬೆರಳಿನ ನರ, ರಕ್ತನಾಳಗಳು ಕೆಡುತ್ತವೆ. ಚಳಿಯ ಮುಂಜಾನೆ ಬೆರಳು ಬಿಳಿಚಿ ಜೋಮು ಹಿಡಿಯುತ್ತದೆ, ಅಂಗಿಯ ಗುಂಡಿ ಹಾಕುವುದೂ ಕಷ್ಟವಾಗುತ್ತದೆ. ಇವುಗಳ ಮೇಲೆ ವಿದ್ಯುತ್ ತಂತಿಯ ಭಯ ಬೇರೆ. ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ತೋಟದ ಕಾರ್ಮಿಕರು ಸತ್ತ ಸುದ್ದಿ ಕಾಫಿ ಸೀಮೆಯ ಪತ್ರಿಕೆಗಳಿಗೆ ಹೊಸದಲ್ಲ. ಸುದ್ದಿ ಒಂದು ದಿನ ಬರುತ್ತದೆ. ಮರುದಿನ ಅದೇ ಏಣಿ ಇನ್ನೊಂದು ಮರಕ್ಕೆ ಆನುತ್ತದೆ.

ಕೆಲಸಗಾರನ ಅವಸರ ಮರಕ್ಕೂ ಗಾಯವೇ. ಇದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶಿಗೋ ಪ್ರಮುಖರು. ಅವರು ಯಂತ್ರಗರಗಸದಿಂದಲೇ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಒಳಗಿನ ಕೊಳೆತ ಹಬ್ಬುವ ಬಗೆಯನ್ನು ಅಭ್ಯಸಿಸಿದರು. 1977ರಲ್ಲಿ ಪ್ರಕಟವಾದ ಅವರ ವಿವರಣೆಯ ಸಾರ ಇಷ್ಟು: ಪ್ರಾಣಿಯ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಮರ ಗಾಯದ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಒಳಗೇ ಬಂಧಿಸುತ್ತದೆ, ಅದರ ಹೊರಗೆ ಹೊಸ ಕಟ್ಟಿಗೆಯನ್ನು ಬೆಳೆಸುತ್ತದೆ. ಗಾಯಕ್ಕೆ ಟಾರು, ಬಣ್ಣ ಬಳಿದರೆ ಕೊಳೆತ ನಿಲ್ಲುತ್ತದೆ ಎಂಬ ಹಳೆಯ ನಂಬಿಕೆಗೆ ಅವರ ಪ್ರಯೋಗಗಳಲ್ಲಿ ಆಧಾರ ಸಿಗಲಿಲ್ಲ.

ಇದರಿಂದ ತೋಟಕ್ಕೆ ಒದಗುವ ಪಾಠ ಸರಳ. ಕೊಂಬೆ ಕಾಂಡವನ್ನು ಸೇರುವಲ್ಲಿ ಕೊರಳಿನಂತೆ ಉಬ್ಬಿದ ಭಾಗವೊಂದಿರುತ್ತದೆ. ಮರದ ರಕ್ಷಣೆಯ ಶಕ್ತಿ ಅಲ್ಲಿದೆ. ಕಾಂಡಕ್ಕೆ ಸಮನಾಗಿ ನುಣ್ಣಗೆ ಕೊಯ್ದರೆ ಆ ಕೊರಳೇ ಹೋಗುತ್ತದೆ. ಉದ್ದ ಮೋಟು ಬಿಟ್ಟರೆ ಅದು ಕೊಳೆತು ಒಳಗೆ ದಾರಿ ಮಾಡುತ್ತದೆ. ಕೊರಳನ್ನು ಉಳಿಸಿ ಅದರ ಹೊರಗೆ ಕೊಯ್ಯಬೇಕು. ಭಾರದ ಕೊಂಬೆಯಾದರೆ ಮೂರು ಕೊಯ್ತ: ಕಾಂಡದಿಂದ ಒಂದಿಷ್ಟು ದೂರದಲ್ಲಿ ಕೆಳಗಿನಿಂದ ಅರೆಕೊಯ್ತ, ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಪೂರ್ಣ ಕೊಯ್ತ, ಭಾರ ಇಳಿದ ಮೇಲೆ ಕೊರಳಿನ ಬಳಿ ಕೊನೆಯ ಕೊಯ್ತ. ಹೀಗೆ ಮಾಡಿದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆ ಸುಲಿದು ಬರುವುದಿಲ್ಲ. ತಲೆಯನ್ನೇ ಹಾರಿಸಿ ಮೋಟು ಮಾಡಿದ ಮರ ಮತ್ತೆ ಚಿಗುರುವುದೇನೋ ನಿಜ. ಆದರೆ ಆ ಹೊಸ ಕೊಂಬೆಗಳ ಹಿಡಿತ ದುರ್ಬಲ. ಕೆಲವು ವರ್ಷಗಳ ನಂತರ ಗಾಳಿಮಳೆಗೆ ಮುರಿದು ಮನೆಯ ಮೇಲೆ, ತಂತಿಯ ಮೇಲೆ ಬೀಳುವಂಥವು ಇವೇ.

ಮೂರು ಕೊಯ್ತಕ್ಕೆ ಒಂದು ಕೊಯ್ತಕ್ಕಿಂತ ಹೆಚ್ಚು ಹೊತ್ತು ಬೇಕು. ಮರಕ್ಕಿಷ್ಟು ಎಂದು ಗುತ್ತಿಗೆ ಕೊಟ್ಟಲ್ಲಿ ಆ ಹೊತ್ತಿಗೆ ಬೆಲೆಯಿಲ್ಲ. ಹಗ್ಗ ಕಟ್ಟುವುದಕ್ಕೂ ಸರಪಳಿಯ ಹಲ್ಲು ಅರೆಯುವುದಕ್ಕೂ ಕೂಲಿ ಇಲ್ಲ. ಮೊಂಡಾದ ಸರಪಳಿಯನ್ನು ಒತ್ತಿ ನಡೆಸಿದಷ್ಟೂ ತೋಳು ಸೋಲುತ್ತದೆ, ಕೊಯ್ತ ಸೊಟ್ಟಗಾಗುತ್ತದೆ. ಕಾರ್ಮಿಕನನ್ನು ಬೀಳಿಸುವ ಅವಸರವೂ ಮರವನ್ನು ಕೊಳೆಸುವ ಅವಸರವೂ ಒಂದೇ ಎಂಬುದನ್ನು ತೋಟದ ಲೆಕ್ಕದ ಪುಸ್ತಕ ಬರೆದುಕೊಳ್ಳುವುದಿಲ್ಲ.

ಬ್ರಿಟನ್ನಿನಲ್ಲಿ ಈ ವೃತ್ತಿಗೆ ಮರದ ಶಸ್ತ್ರವೈದ್ಯ ಎಂಬ ಗೌರವದ ಹೆಸರಿದೆ. ಯಂತ್ರಗರಗಸ ಹಿಡಿಯುವವರು ತರಬೇತಿ ಪಡೆದಿರಬೇಕು. ಒಬ್ಬರು ಮರದ ಮೇಲಿದ್ದರೆ, ಅವಘಡವಾದಾಗ ಹತ್ತಿ ಇಳಿಸಬಲ್ಲ ಇನ್ನೊಬ್ಬರು ಕೆಳಗಿರಲೇಬೇಕು. ಅವರು ತೊಡುವ ಷರಾಯಿಯೊಳಗಿನ ನಾರುಗಳು ಸರಪಳಿಗೆ ಸಿಕ್ಕಿ ಅದನ್ನು ತಕ್ಷಣ ನಿಲ್ಲಿಸುತ್ತವೆ. ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಕೇರಳದಲ್ಲಿ ತೆಂಗಿನಮರ ಹತ್ತುವವರು ಕಡಿಮೆಯಾದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯುವಜನರಿಗೆ ಯಂತ್ರದ ನೆರವಿನಿಂದ ಮರ ಹತ್ತುವ ತರಬೇತಿ ಆರಂಭಿಸಿತು. ವಿಮೆಯ ಆಸರೆಯನ್ನೂ ಒದಗಿಸಿತು. ತೆಂಗಿಗೆ ಸಾಧ್ಯವಾದದ್ದು ಅತ್ತಿ, ಹಲಸಿಗೆ ಏಕೆ ಆಗಬಾರದು?

ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಲವು ಜಾತಿಯ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಅದು ಇರಬೇಕಾದದ್ದೇ. ಆದರೆ ಅದೇ ಮರವನ್ನು ಯಂತ್ರ ಹಿಡಿದು ಹತ್ತುವವರ ತರಬೇತಿಯನ್ನು ತೋಟದ ಗೇಟಿನಲ್ಲಿ ಯಾರೂ ವಿಚಾರಿಸುವುದಿಲ್ಲ. ಮರಕ್ಕೆ ಒಂದು ಕಾಗದದ ರಕ್ಷಣೆಯಾದರೂ ಇದೆ. ಮನುಷ್ಯನಿಗೆ ಅದೂ ಇಲ್ಲ.

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಊರು ಸುಮ್ಮನಿರಬೇಕಾಗಿಲ್ಲ. ಮರಗಸಿಗೆ ಕರೆಯುವ ಮಾಲೀಕರು ಹಗ್ಗ, ಶಿರಸ್ತ್ರಾಣ, ಕಿವಿಗವಚಗಳನ್ನು ತೋಟದ ವತಿಯಿಂದಲೇ ಕೊಡಲಿ. ತಂತಿ ಹಾದ ಕಡೆ ವಿದ್ಯುತ್ ನಿಲ್ಲಿಸಿದ ಖಾತ್ರಿಯಿಲ್ಲದೆ ಏಣಿ ಎತ್ತದಿರಲಿ. ಮರದ ಲೆಕ್ಕದ ಗುತ್ತಿಗೆಯ ಬದಲು ದಿನಗೂಲಿ ಸಲ್ಲಲಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ, ಅಪಘಾತದಿಂದ ಮರಣ ಸಂಭವಿಸಿದರೆ 2 ಲಕ್ಷ ರೂಪಾಯಿಯ ವಿಮೆಯಿದೆ. 18ರಿಂದ 70 ವರ್ಷದ, ಬ್ಯಾಂಕ್ ಖಾತೆಯುಳ್ಳ ಯಾರಾದರೂ ಸೇರಬಹುದು. ಒಂದು ಮನೆಯ ಅನ್ನ ನಿಂತಾಗ ಈ ಮೊತ್ತ ದೊಡ್ಡದೇನಲ್ಲ; ಆದರೂ ಕೆಲಸಗಾರರು ಅದರಿಂದ ಹೊರಗುಳಿಯಲು ಕಾರಣವಿಲ್ಲ. ಅರ್ಜಿ ತುಂಬಿಸುವ ಕೆಲಸವನ್ನು ಊರಿನ ಓದಿದ ಹುಡುಗ ಹುಡುಗಿಯರು ಒಂದು ಸಂಜೆಯಲ್ಲಿ ಮುಗಿಸಬಲ್ಲರು.

ಅರಣ್ಯಶಾಸ್ತ್ರ, ಸಸ್ಯಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೂ ದೊಡ್ಡ ಕೆಲಸ ಕಾದಿದೆ. ಕೊಂಬೆಯ ಕೊರಳಿನ ವಿಚಾರ ಅವರಿಗೆ ತರಗತಿಯಲ್ಲಿ ಸಿಗುತ್ತದೆ. ಯಾವ ಮರ ಎಷ್ಟು ಭಾರ ತಾಳುತ್ತದೆ, ಯಾವ ರೆಂಬೆ ತೆಗೆದರೆ ಎಷ್ಟು ಬೆಳಕು ಇಳಿಯುತ್ತದೆ ಎಂಬುದು ಮರ ಹತ್ತುವ ಹಿರಿಯರಿಗೆ ಗೊತ್ತು. ಈ ಎರಡು ತಿಳಿವಳಿಕೆಗಳು ಒಂದೇ ಮರದ ಬುಡದಲ್ಲಿ ಭೇಟಿಯಾಗಬೇಕು. ಆ ಹಿರಿಯರ ತಲೆಮಾರು ಕಳೆದರೆ ಕಲಿಸುವವರೂ ಉಳಿಯುವುದಿಲ್ಲ.

ಮರವನ್ನು ಅಪ್ಪಿಕೊಂಡ ಚಳವಳಿ ಮರವನ್ನು ಕಾಯುವ ಕೆಲಸಗಾರರನ್ನು ದೂರವಿಡಲಾಗದು. ಈ ಬೇಸಿಗೆಯ ಮರಗಸಿ ತೊಡಗುವ ಮುನ್ನ ಪ್ರತಿ ಊರಿನಲ್ಲೂ ಮಾಲೀಕರು, ಕೆಲಸಗಾರರು, ವಿದ್ಯಾರ್ಥಿಗಳು ಒಂದೆಡೆ ಕೂತು ಮಾತಾಡಲಿ. ಹಗ್ಗ ಎಷ್ಟಿವೆ, ವಿಮೆ ಯಾರಿಗಿಲ್ಲ, ತಂತಿ ಎಲ್ಲೆಲ್ಲಿ ಹಾದಿದೆ ಎಂದು ಪಟ್ಟಿ ಮಾಡಲಿ. ಆಮೇಲೆ ಗರಗಸ ಸದ್ದು ಮಾಡಲಿ.