ಚಿಕ್ಕ ಗಡಿಯಾರದ ಪಕ್ಕದ ಮಾರುಕಟ್ಟೆಗಾಗಿ

ಹ್ಯೂಸ್ಟನ್ನಿನ ಮಾರ್ಕೆಟ್ ಸ್ಕ್ವೇರಿನಲ್ಲಿ ಒಂದು ಗಡಿಯಾರ ಗೋಪುರವಿದೆ. ನಾನಿರುವ, ಡಲ್ಲಾಸ್ ಸೀಮೆಯ ಅಲೆನ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆಗೂ ಮಿಕ್ಕಿದ ಹಾದಿ. ಅಲ್ಲಿ ಮಾರ್ಕೆಟ್ ಎಂಬ ಹೆಸರಿದೆ, ಮಾರ್ಕೆಟ್ ಇಲ್ಲ. 19ನೇ ಶತಮಾನದಲ್ಲಿ ನಗರಸಭೆಯೂ ಮಾರುಕಟ್ಟೆಯೂ ಅಲ್ಲಿ ಒಂದೇ ಸೂರಿನಡಿ ಇದ್ದವು. ಆ ಕಟ್ಟಡ 1876ರಲ್ಲಿ ಸುಟ್ಟಿತು, ಮತ್ತೆ ಕಟ್ಟಿದರು. 1901ರಲ್ಲಿ ಅದೂ ಸುಟ್ಟಿತು. 1904ರಲ್ಲಿ ಇನ್ನೊಂದು ಎದ್ದಿತು. 1960ರ ಬೆಂಕಿಯಲ್ಲಿ ಅದೂ ಹೋಯಿತು. ಆಮೇಲೆ ಯಾರೂ ಕಟ್ಟಲಿಲ್ಲ. ಉಳಿದ ಗಡಿಯಾರವನ್ನು 1996ರಲ್ಲಿ ಹೊಸ ಗೋಪುರದಲ್ಲಿ ಕೂರಿಸಿದರು. ಸುತ್ತ ಈಗ ಉದ್ಯಾನ.

ಆ ಗಡಿಯಾರದ ಕೆಳಗೆ ನಿಂತಾಗ ನನಗೆ ಮೈಸೂರಿನ ಚಿಕ್ಕ ಗಡಿಯಾರ ನೆನಪಾಗುತ್ತದೆ. ವೈಸ್‌ರಾಯ್ ಡಫರಿನ್ ಮೈಸೂರಿಗೆ ಬಂದ ನೆನಪಿಗೆ 1886ರಲ್ಲಿ ಕಟ್ಟಿದ್ದು ಅದು. ಅದರ ಪಕ್ಕದಲ್ಲೇ ದೇವರಾಜ ಮಾರುಕಟ್ಟೆ. ಮೈಸೂರಿನಲ್ಲಿ ಗಡಿಯಾರವೂ ಇದೆ, ಮಾರುಕಟ್ಟೆಯೂ ಇದೆ. ಎರಡೂ ಜೊತೆಯಾಗಿ ಉಳಿಯಲು ನೆರವಾಗಿ ಎಂದು, ನನ್ನಂತೆ ಊರಿನಿಂದ ದೂರವಿರುವ ಕನ್ನಡಿಗರಾದ ನಿಮ್ಮನ್ನು ಕೇಳಿಕೊಳ್ಳಲು ಈ ಬರಹ.

ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಈ ಮಾರುಕಟ್ಟೆ ಇಂದಿನ ರೂಪ ಪಡೆಯತೊಡಗಿತು. ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆಯವರೆಗೆ ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ಅದರ ಸಾಲು ಹಬ್ಬಿದೆ. ದಸರೆಯ ಜಂಬೂಸವಾರಿ ಹಾಯುವುದು ಇದರ ಮುಂದೆಯೇ. ಹೊರಗೆ ಬೀದಿಗೆ ಮುಖ ಮಾಡಿದ ಅಂಗಡಿಗಳು. ಕಮಾನಿನ ಬಾಗಿಲು ದಾಟಿದರೆ ಒಳಗೆ ಓಣಿಗಳ ಇನ್ನೊಂದು ಊರು. ಎಂಟುನೂರರಷ್ಟು ಅಂಗಡಿಗಳಿವೆ. ಮಲ್ಲಿಗೆಯನ್ನು ಮಾರಿನ ಲೆಕ್ಕದಲ್ಲಿ ಅಳೆದು ಕೊಡುವವರು, ಚಿಗುರೆಲೆಯ ಕಟ್ಟು ಜೋಡಿಸುವವರು, ನಂಜನಗೂಡಿನ ರಸಬಾಳೆ ತರುವವರು, ಕುಂಕುಮವನ್ನು ಗೋಪುರದಂತೆ ಒಟ್ಟುವವರು, ಎಲ್ಲರೂ ಒಂದೇ ಆವರಣದಲ್ಲಿ.

ಗೋಡೆ ಇಟ್ಟಿಗೆಯದು, ಬೆಸುಗೆ ಸುಣ್ಣದ ಗಾರೆಯದು. ಚಾವಣಿ ನಮ್ಮ ಹಿರಿಯರ ಮನೆಗಳಲ್ಲಿ ನೀವು ಕಂಡಿರುವ ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ, ಗಾರೆಯಿಂದ ಬೆಸೆದು, ಮೇಲೆ ಮತ್ತೆ ಗಾರೆ ಹಾಕಿ ಬಡಿಯುತ್ತಾರೆ. ಇಂಥ ಕಟ್ಟಡ ಉಸಿರಾಡುತ್ತದೆ. ಹೀರಿಕೊಂಡ ತೇವವನ್ನು ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಬಿರುಕಿನಲ್ಲಿ ಅರಳಿಯ ಸಸಿ ಬೇರಿಳಿಸಿದರೆ ಗೋಡೆಯೇ ಸೀಳುತ್ತದೆ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ತಾರಸಿ ನೋಡಿಕೊಳ್ಳುವ ಅಭ್ಯಾಸವೊಂದೇ ಇಂಥ ಕಟ್ಟಡವನ್ನು ಬಹುಕಾಲ ಕಾಯಬಲ್ಲದು ಎಂಬುದು ನನ್ನ ನಂಬಿಕೆ.

ಆತಂಕಕ್ಕೆ ಕಾರಣವಿದೆ. ಸಮೀಪದ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿರುವಾಗಲೇ, ಮಾರುಕಟ್ಟೆಯ ಉತ್ತರ ದಿಕ್ಕಿನ ಭಾಗ ಬಿತ್ತು. ಅಂದಿನಿಂದ ಎರಡು ಮಾತು ಕೇಳಿಬರುತ್ತಿವೆ: ಕೆಡವಿ ಹೊಸದಾಗಿ ಕಟ್ಟಬೇಕು, ಬಲಪಡಿಸಿ ಉಳಿಸಬೇಕು. ವಿಷಯ ನ್ಯಾಯಾಲಯದ ಮೆಟ್ಟಿಲೂ ಹತ್ತಿದೆ. ಅಲ್ಲಿ ದುಡಿಯುವವರ ಜೀವ ಎಲ್ಲಕ್ಕಿಂತ ಮೊದಲು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಉಳಿಸಬಲ್ಲ ಪ್ರತಿಯೊಂದು ಕಮಾನನ್ನೂ ಉಳಿಸಿಯೇ ಆ ಜೀವಗಳನ್ನು ಕಾಯಬಹುದು ಎಂದು ನಂಬಿದ್ದೇನೆ.

ಇಷ್ಟು ದೂರದಿಂದ ನಾವೇನು ಮಾಡಬಲ್ಲೆವು ಎಂದು ನೀವು ಕೇಳಬಹುದು. ಮಾಡಬಲ್ಲೆವು.

ನಮ್ಮಲ್ಲಿ ಅನೇಕರು ಊರಿಗೆ ಹೋಗುವುದು ಮಕ್ಕಳ ಬೇಸಿಗೆ ರಜೆಯಲ್ಲಿ, ಜೂನ್‌ನಲ್ಲೋ ಜುಲೈನಲ್ಲೋ. ಆಗ ಮೈಸೂರಿನಲ್ಲಿ ಮಳೆಗಾಲ. ತಾರಸಿ ಎಲ್ಲಿ ಸೋರುತ್ತಿದೆ, ಗೋಡೆ ಎಲ್ಲಿ ನೆನೆದಿದೆ ಎಂಬುದು ಕಣ್ಣಿಗೆ ಕಾಣುವ ಕಾಲವೂ ಅದೇ. ದಯವಿಟ್ಟು ಒಂದು ಬೆಳಗನ್ನು ಮಾರುಕಟ್ಟೆಗೆ ಮೀಸಲಿಡಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಹೂವನ್ನೂ ಹಣ್ಣನ್ನೂ ಅಲ್ಲೇ ಕೊಳ್ಳಿ. ಕೊಳ್ಳುವವರಿದ್ದರೆ ಮಾರುಕಟ್ಟೆ ಬದುಕುತ್ತದೆ. ಸೋರುವ ಜಾಗ ಕಂಡರೆ ಚಿತ್ರ ತೆಗೆದು, ದಿನ ಮತ್ತು ಜಾಗ ಬರೆದು, ಮಹಾನಗರ ಪಾಲಿಕೆಗೆ ಕಳುಹಿಸಿ. ಮಾರುಕಟ್ಟೆ ಪಾಲಿಕೆಯದೇ. ವಿನಯದ ಒಂದು ಪತ್ರ ಜೊತೆಗಿರಲಿ. ನಿಮ್ಮ ಹೆಸರಿನಲ್ಲಿ ಅಲ್ಲಿ ಮನೆಯಿದ್ದು ತೆರಿಗೆ ಕಟ್ಟುತ್ತಿದ್ದರೆ ಅದನ್ನೂ ತಿಳಿಸಿ.

ನಿಮ್ಮಲ್ಲಿ ಕಟ್ಟಡಗಳ ಬಲವನ್ನು ಲೆಕ್ಕ ಹಾಕಬಲ್ಲ ಎಂಜಿನಿಯರುಗಳಿದ್ದೀರಿ. ಹಳೆಯ ಇಟ್ಟಿಗೆಯ ಕೆಲಸ ಬಲ್ಲವರಾದರೆ, ಮೈಸೂರಿನ ತಜ್ಞರೊಡನೆ ನಿಮ್ಮ ತಿಳಿವಳಿಕೆ ಹಂಚಿಕೊಳ್ಳಿ.

ಹಿರಿಯರಲ್ಲಿ ಇನ್ನೊಂದು ಕೋರಿಕೆ. ನಿಮ್ಮ ಆಲ್ಬಮ್ಮುಗಳಲ್ಲಿ ಹಳೆಯ ಚಿತ್ರಗಳಿರುತ್ತವೆ. ಮದುವೆಯ ಹೂವು ತರಲು ಹೋದಾಗಲೋ, ಜಂಬೂಸವಾರಿ ನೋಡುವಾಗಲೋ ತೆಗೆದವು. ಅವುಗಳ ಹಿನ್ನೆಲೆಯಲ್ಲಿ ಒಂದು ಕಮಾನೋ ಬಾಗಿಲೋ ಕಾಣುತ್ತಿರಬಹುದು. ಬಿದ್ದ ಭಾಗವನ್ನು ಮೊದಲಿನಂತೆ ಕಟ್ಟುವವರಿಗೆ ಅಂಥ ಒಂದು ಚಿತ್ರವೂ ಆಧಾರವಾಗುತ್ತದೆ. ಡಲ್ಲಾಸ್ ಸೀಮೆಯ ಕನ್ನಡ ಸಂಘದ ಹೆಸರೇ ಮಲ್ಲಿಗೆ. ಹ್ಯೂಸ್ಟನ್ನಿನಲ್ಲಿ ಕನ್ನಡ ವೃಂದವಿದೆ, ಆಸ್ಟಿನ್ನಿನಲ್ಲೂ ಕನ್ನಡ ಸಂಘವಿದೆ. ಮುಂದಿನ ಹಬ್ಬದ ಕೂಟಕ್ಕೆ ಬರುವಾಗ ಆ ಆಲ್ಬಮ್ಮನ್ನೂ ತನ್ನಿ. ಚಿತ್ರದ ಹಿಂಬದಿಯಲ್ಲಿ ವರ್ಷ ಬರೆಯಿರಿ. ವರ್ಷ ನೆನಪಾಗದಿದ್ದರೆ, ಅಂದು ಯಾರ ಮದುವೆಗೆ ಹೂವು ತಂದಿರೆಂದು ಬರೆದರೂ ಸಾಕು.